ಚಪ್ಪಡಿ, ಪೇವರ್, ಗರಸು, ಕಾಂಕ್ರೀಟು: ಊರ ಕಾಲುದಾರಿಗೆ ಯಾವುದು ತಾಳುತ್ತೆ?

‘ಪಾರಂಪರಿಕ ಪಥ’ ಎಂದು ಎಸ್ಟಿಮೇಟಿನ ತಲೆಗೆ ಬರೆದರೆ ಸಾಕು, ಮೊದಲ ಐಟಂ ಆಗಿ ಕೆಂಪು-ಹಳದಿ ಇಂಟರ್‌ಲಾಕ್ ಪೇವರ್ ಬಂದು ಕೂರುತ್ತದೆ. ಚೆಂದಕ್ಕೆ ಅಂತ ಅಲ್ಲ. ಎಸ್.ಆರ್. ಪುಸ್ತಕದಲ್ಲಿ (ಸರ್ಕಾರಿ ಕಾಮಗಾರಿಯ ದರಪಟ್ಟಿ) ದರ ಸಿದ್ಧವಿದೆ, ಟೇಪು ಹಿಡಿದು ಅಳೆಯುವುದು ಸಲೀಸು, ಕೆಲಸ ಬೇಗ ಮುಗಿಯುತ್ತದೆ, ಉದ್ಘಾಟನೆಯ ಫೋಟೋದಲ್ಲಿ ಎದ್ದು ಕಾಣುತ್ತದೆ. ಒಂದು ಚಿತ್ತೆ ಮಳೆ ಕಳೆದ ಮೇಲೆ ಅದೇ ಜಾಗಕ್ಕೆ ಹೋಗಿ ನೋಡಬೇಕು. ಅಂಚಿನ ಎರಡು ಸಾಲು ಚರಂಡಿಗೆ ಜಾರಿರುತ್ತದೆ, ನಡುಭಾಗ ತೊಟ್ಟಿಲಿನಂತೆ ಕುಸಿದಿರುತ್ತದೆ, ಸಂದಿಯಲ್ಲೆಲ್ಲ ಪಾರ್ಥೇನಿಯಂ.

ಇಲ್ಲಿ ತೂಗಿ ನೋಡಿರುವುದು ನಾಲ್ಕು ಬಗೆಯ ಹಾಸುಗಳನ್ನು, ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಸೀಮೆಯ ಮಣ್ಣು, ಮಳೆ, ಕಲ್ಲಿನ ಲೆಕ್ಕದಲ್ಲಿ. ಮಾದರಿಗೆ ಇಟ್ಟುಕೊಂಡಿರುವುದು ನಂದಿ ಬೆಟ್ಟದ ಸುತ್ತಿನ ಊರುಗಳಲ್ಲಿ ಕಾಣುವಂಥ ದಾರಿ: ಅಶ್ವತ್ಥಕಟ್ಟೆಯಿಂದ ಹೊರಟು, ಕೆರೆ ಏರಿ ಹಿಡಿದು, ಹೊಂಗೆ-ಮಾವಿನ ತೋಪು ದಾಟಿ, ಬೆಟ್ಟದ ಬುಡದ ಮೆಟ್ಟಿಲಿಗೆ ಮುಟ್ಟುವ ಒಂದೂವರೆ ಕಿಲೋಮೀಟರ್. ಅದರಲ್ಲಿ ಓಡಾಡುವವರು ಹೊಲಕ್ಕೆ ಹೋಗುವವರು, ಹಾಲಿನ ಕ್ಯಾನು ಕಟ್ಟಿಕೊಂಡ ಟಿವಿಎಸ್ ಎಕ್ಸೆಲ್, ಕುರಿಮಂದೆ, ಶಾಲೆಯ ಸೈಕಲ್ಲು, ಬರಿಗಾಲ ಭಕ್ತರು, ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ಬರುವ ಚಾರಣಿಗರು. ಎಲ್ಲರೂ ಹಂಚಿಕೊಳ್ಳುವ ದಾರಿ ಅಂದರೆ ಈ ಪಟ್ಟಿಯಲ್ಲಿ ಮೊದಲಿನವರನ್ನು ಓಡಿಸಿ ಕೊನೆಯವರಿಗೆ ಜಾಗ ಕೊಡುವುದಲ್ಲ. ವೀಲ್‌ಚೇರಿನಲ್ಲಿ ಬರುವವರು ಇನ್ನೂ ಪಟ್ಟಿಗೇ ಸೇರಿಲ್ಲ. ಅವರನ್ನು ಸೇರಿಸಿಕೊಳ್ಳುವುದೇ ಮೇಲ್ದರ್ಜೆಗೆ ಏರಿಸುವ ಕೆಲಸದ ಅರ್ಧ ಭಾಗ.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಒಂದೂವರೆ ಕಿಲೋಮೀಟರಿಗೂ ಒಂದೇ ಹಾಸು ಹಾಕುವುದೇ ತಪ್ಪು. ಹಳೆಯ ದಾರಿ ಎಲ್ಲೂ ಒಂದೇ ತರ ಇರಲಿಲ್ಲ. ಊರೊಳಗೆ ಚಪ್ಪಡಿ, ಏರಿಯ ಮೇಲೆ ಗರಸು (ಕಲ್ಲುಹರಳಿನ ಮಣ್ಣು), ತೋಪಿನಲ್ಲಿ ಬರೀ ಮಣ್ಣು, ಬೆಟ್ಟ ಹತ್ತುವಲ್ಲಿ ಮೆಟ್ಟಿಲು. ನೆಲ ಕೇಳಿದ್ದನ್ನು ಹಾಕಿದ್ದರು.

ಮೊದಲು ನೀರು

ಯಾವ ಹಾಸೇ ಆಗಲಿ, ಅದನ್ನು ಕೊಲ್ಲುವುದು ಕಾಲಲ್ಲ, ಗಾಡಿಯೂ ಅಲ್ಲ, ನೀರು. ಈ ಸೀಮೆಯಲ್ಲಿ ವರ್ಷದ ಮಳೆ ಕಡಿಮೆ, 600ರಿಂದ 800 ಮಿ.ಮೀ. ಆಸುಪಾಸು. ಆದರೆ ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಬಂದರೆ ಒಂದೇ ಸಂಜೆ ಸುರಿದುಬಿಡುತ್ತದೆ. ಗಂಟೆಗೆ 50 ಮಿ.ಮೀ. ಬಿತ್ತು ಅನ್ನಿ. 100 ಮೀಟರ್ ಉದ್ದ, 2 ಮೀಟರ್ ಅಗಲದ ದಾರಿಯ ಮೇಲೆ ಬೀಳುವ ನೀರೇ 10,000 ಲೀಟರ್, ಅಂದರೆ ಎರಡು ಟ್ಯಾಂಕರ್. ಬೆಟ್ಟದಿಂದ ಇಳಿದು ಬರುವುದು ಬೇರೆ.

ಅದಕ್ಕೆ ದಾರಿಗೆ ಅಡ್ಡ ಇಳಿಜಾರು 50ಕ್ಕೆ 1 ಇರಲೇಬೇಕು. 2 ಮೀಟರ್ ಅಗಲಕ್ಕೆ 4 ಸೆಂ.ಮೀ., ಎರಡು ಬೆರಳಿನಷ್ಟು. ಇದಕ್ಕಿಂತ ಹೆಚ್ಚಾದರೆ ವೀಲ್‌ಚೇರು ಪಕ್ಕಕ್ಕೆ ಎಳೆಯುತ್ತದೆ, ಕಡಿಮೆಯಾದರೆ ನೀರು ನಿಲ್ಲುತ್ತದೆ. ಬೆಟ್ಟದ ಕಡೆಯ ಬದಿಗೆ ಒಂದು ಅಡಿ ಅಗಲ, ಒಂದು ಅಡಿ ಆಳದ ಕಲ್ಲು ಹಾಸಿದ ಚರಂಡಿ. ಚರಂಡಿಯ ನೀರು ದಾರಿ ದಾಟುವ ಕಡೆ ಕಲ್ಲಿನ ಮೋರಿ, ಮೋರಿಯ ಮುಂದೆ ಎರಡು ಅಡಿ ಚೌಕದ ಹೂಳುಗುಂಡಿ. ಕಲ್ಯಾಣಿಗೆ ಅಥವಾ ಕುಂಟೆಗೆ ನೀರು ಬಿಡುವುದಾದರೆ ಈ ಗುಂಡಿ ಕಡ್ಡಾಯ, ಇಲ್ಲದಿದ್ದರೆ ಗುಟ್ಕಾ ಚೀಟಿಯಿಂದ ಹಿಡಿದು ಎಲ್ಲವೂ ಕಲ್ಯಾಣಿಯ ತಳ ಸೇರುತ್ತದೆ.

ಕೆರೆ ಏರಿಯ ಮೇಲಿನ ಲೆಕ್ಕ ಬೇರೆ. ಅಲ್ಲಿ ಅಡ್ಡ ಇಳಿಜಾರು ಕೆರೆಯ ಒಳಗಡೆಗೆ, ನೀರಿನ ಕಡೆಗೆ ಇರಬೇಕು. ಹೊರಮೈಗೆ ನೀರು ಬಿಟ್ಟರೆ ಒಂದೇ ಮಳೆಗಾಲದಲ್ಲಿ ಕೊರಕಲು ಬೀಳುತ್ತದೆ. ಏರಿಗೆ ಅಡ್ಡಲಾಗಿ ಮೋರಿಗೆಂದು ಅಗೆಯುವ ಮಾತೇ ಬೇಡ, ದೀಪದ ಕೇಬಲ್ಲಿಗೂ ಬೇಡ.

ಚರಂಡಿ ಮತ್ತು ಮೋರಿಗೆ ಹಣ ಸಾಲದು ಅನ್ನಿಸಿದರೆ ದಾರಿಯ ಉದ್ದ ಕಡಿಮೆ ಮಾಡಿ, ಚರಂಡಿ ಕಡಿಮೆ ಮಾಡಬೇಡಿ. ನಮ್ಮ ಮಟ್ಟಿಗೆ ಹಾಸು ಹಾಕದೆ ಚರಂಡಿ ಮಾತ್ರ ಮಾಡಿದ ಮಣ್ಣುದಾರಿಗೂ ಒಳ್ಳೆಯ ಅಂಕ ಸಲ್ಲಬೇಕು.

ಚಪ್ಪಡಿ ಕಲ್ಲು

ಕೋಲಾರ-ಚಿಕ್ಕಬಳ್ಳಾಪುರದ ಹಳೆಯ ಮನೆಗಳಿಗೆ ಗೋಡೆಯೂ ಚಪ್ಪಡಿ, ಮಾಳಿಗೆಯೂ ಚಪ್ಪಡಿ, ಹಿತ್ತಲ ಬೇಲಿಯೂ ಚಪ್ಪಡಿ. ಹಿಂದೆ ಬಂಡೆಯ ಮೇಲೆ ಸೌದೆ ಉರಿಸಿ, ಕಾವಿಗೆ ಪದರ ಬಿಟ್ಟ ಮೇಲೆ ಉಳಿ ಹೊಡೆದು ಬೇಕಾದ ಅಳತೆಗೆ ಸೀಳುತ್ತಿದ್ದರು. ಹಾಗಾಗಿ ಇಲ್ಲಿನ ಚಪ್ಪಡಿ ಅಗಲವಾಗಿ, ತೆಳ್ಳಗೆ, ಒಂದು ಮೈ ನಯವಾಗಿ ಸಿಗುತ್ತದೆ. ಊರ ಬೀದಿಗೆ ಇದಕ್ಕಿಂತ ಒಪ್ಪುವ ಹಾಸು ಬೇರೆ ಇಲ್ಲ. ಆದರೆ ಕೊಳ್ಳುವಲ್ಲೂ ಹಾಕುವಲ್ಲೂ ಎಡವುವುದು ಸುಲಭ.

ದಪ್ಪ 3 ಇಂಚು, ಅಂದರೆ 75 ಮಿ.ಮೀ. ಇರಲಿ. ಟ್ರ್ಯಾಕ್ಟರ್ ಬರುವ ಕಡೆ 4 ಇಂಚು. 3 ಅಡಿ ಉದ್ದ, 2 ಅಡಿ ಅಗಲ, 3 ಇಂಚು ದಪ್ಪದ ಒಂದು ಚಪ್ಪಡಿ ಸುಮಾರು 110 ಕೆ.ಜಿ. ತೂಗುತ್ತದೆ, ನಾಲ್ಕು ಜನ, ಎರಡು ಹಾರೆ ಬೇಕು. ಇದನ್ನು ತಪ್ಪಿಸಲು ಕೆಲವು ಗುತ್ತಿಗೆದಾರರು ಫ್ಯಾಕ್ಟರಿಯಲ್ಲಿ ಕೊಯ್ದ 20 ಮಿ.ಮೀ. ಗ್ರಾನೈಟ್ ತರುತ್ತಾರೆ. ಅದೇ ಅಳತೆಗೆ 30 ಕೆ.ಜಿ.ಯೂ ಇರುವುದಿಲ್ಲ, ಒಬ್ಬನೇ ಎತ್ತಿ ಹಾಕುತ್ತಾನೆ. ಅದು ಮನೆಯೊಳಗಿನ ನೆಲಕ್ಕೆ ಮಾಡಿದ ಮಾಲು. ಬಯಲಿನಲ್ಲಿ, ಕಲ್ಲುಪುಡಿಯ ಮೇಲೆ ಅದು ಒಡೆಯದೆ ಉಳಿಯುವುದಿಲ್ಲ. ಬಿಲ್ಲಿನಲ್ಲಿ ಎರಡಕ್ಕೂ ‘ಗ್ರಾನೈಟ್ ಚಪ್ಪಡಿ’ ಎಂದೇ ಬರೆದಿರುತ್ತದೆ, ಆದ್ದರಿಂದ ಎಸ್ಟಿಮೇಟಿನಲ್ಲಿ ದಪ್ಪ ನಮೂದಿಸಿ.

ಮೇಲ್ಮೈ ವಿಷಯದಲ್ಲಿ ಬರಿಗಾಲಿನವರ ಮಾತು ಕೇಳಬೇಕು. ಪಾಲಿಶ್ ಮಾಡಿದ ಕಲ್ಲು ಒದ್ದೆಯಾದರೆ ಜಾರುತ್ತದೆ, ಅದನ್ನು ಎಲ್ಲೂ ಹಾಕಬಾರದು. ಒರಟಾಗಿ ಉಳಿ ಪೆಟ್ಟು ಹೊಡೆದದ್ದು ಚಪ್ಪಲಿಗೆ ಸರಿ, ಆಷಾಢದಲ್ಲಿ ನಂದಿಗಿರಿ ಪ್ರದಕ್ಷಿಣೆಗೆ ಬರಿಗಾಲಲ್ಲಿ ಬರುವವರಿಗೆ ಮುಳ್ಳು. ಸೀಳಿದ ಮೈಯನ್ನೇ ಮೇಲೆ ಮಾಡಿ, ಎದ್ದಿರುವ ಮೊನೆಗಳನ್ನು ಮಾತ್ರ ಹಲ್ಲುಮುಖದ ಬುಷ್ ಸುತ್ತಿಗೆಯಲ್ಲಿ ತಟ್ಟಿಸಿದರೆ ಎರಡಕ್ಕೂ ಆಗುತ್ತದೆ. ಬಣ್ಣ ಬೂದಿಯೇ ಇರಲಿ. ಕಪ್ಪು ಕಲ್ಲು ಬೇಸಿಗೆಯ ಮಧ್ಯಾಹ್ನ ಕಾದ ಹೆಂಚು. ಚಪ್ಪಡಿ ಹಾಸಿದ ದಾರಿಯ ಪಕ್ಕದಲ್ಲಿ ಒಂದು ಅಡಿ ಮಣ್ಣಿನ ಪಟ್ಟಿ ಬಿಟ್ಟರೆ ಬಿಸಿಲಿಗೆ ಬರಿಗಾಲಿನವರೂ ಕುರಿಗಳೂ ತಾವಾಗಿ ಅಲ್ಲಿಗೆ ಇಳಿಯುತ್ತಾರೆ.

ಹಾಸುವ ಕ್ರಮ ಹೀಗೆ. ನೆಲವನ್ನು 275 ಮಿ.ಮೀ. ಆಳಕ್ಕೆ ತೆಗೆದು, ತಳಕ್ಕೆ ನೀರು ಹೊಡೆದು ರೋಲರ್ ಓಡಿಸಬೇಕು. ಅದರ ಮೇಲೆ 40 ಎಂ.ಎಂ. ಜಲ್ಲಿಗೆ ಕಲ್ಲುಪುಡಿ ಸೇರಿಸಿ, ದಮ್ಮಸು ಆದ (ಒತ್ತಿ ಗಟ್ಟಿಯಾದ) ಮೇಲೆ 150 ಮಿ.ಮೀ. ನಿಲ್ಲುವಂತೆ ಎರಡು ಪದರ. ಅದರ ಮೇಲೆ 50 ಮಿ.ಮೀ. ಕಲ್ಲುಪುಡಿ ಹರಡಿ, ಮರದ ಪಟ್ಟಿಯಿಂದ ಎಳೆದು, ರಸಮಟ್ಟ ಇಟ್ಟು ಇಳಿಜಾರು ನೋಡಿಕೊಳ್ಳಬೇಕು. ಕೊನೆಗೆ ಚಪ್ಪಡಿ. ಆದರೆ ಚಪ್ಪಡಿಗೂ ಮೊದಲೇ ಎರಡೂ ಬದಿಗೆ ಅಂಚುಗಲ್ಲು ನೆಟ್ಟಿರಬೇಕು; ನೆಲದೊಳಗೆ ಮುಕ್ಕಾಲು, ಮೇಲೆ ಕಾಲು. 100 ಮೀಟರ್ ದಾರಿಗೆ, 2 ಮೀಟರ್ ಅಗಲ ಅಂದುಕೊಂಡರೆ, ಬೇಕಾಗುವುದು 200 ಚದರ ಮೀಟರ್ ಚಪ್ಪಡಿ (ತೂಕ ಸುಮಾರು 40 ಟನ್), ದಮ್ಮಸಾದ ಅಳತೆಯಲ್ಲಿ 30 ಘನ ಮೀಟರ್ ಜಲ್ಲಿ, 10 ಘನ ಮೀಟರ್ ಕಲ್ಲುಪುಡಿ, 2 ಅಡಿಯ ಅಂಚುಗಲ್ಲು 335. ಸಡಿಲ ಜಲ್ಲಿಯನ್ನು ಲೋಡಿನ ಲೆಕ್ಕದಲ್ಲಿ ತರಿಸುವಾಗ ಮೂರನೇ ಒಂದು ಭಾಗ ಹೆಚ್ಚಿಗೆ ಹಿಡಿಯಿರಿ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಈ ಹಂತದಲ್ಲಿ. ಕಲ್ಲುಪುಡಿ ಎಳೆದು ಮಟ್ಟ ಮಾಡುವುದು ನಿಧಾನದ ಕೆಲಸ. ಕೂಲಿ ಉಳಿಸಲು ಮೇಸ್ತ್ರಿ ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಸಿಮೆಂಟ್ ಗಾರೆ ಇಟ್ಟು ಮೇಲೆ ಚಪ್ಪಡಿ ಕೂರಿಸುತ್ತಾನೆ. ನೋಡಲು ಮಟ್ಟವಾಗಿ ಕೂತಿರುತ್ತದೆ, ನಡುವೆ ಟೊಳ್ಳು. ಹಾರೆಯ ಹಿಡಿಯನ್ನು ಚಪ್ಪಡಿಯ ನಡುವಿಗೆ ಕುಟ್ಟಿ ನೋಡಿ: ಕೆಳಗೆ ಪೂರ್ತಿ ತುಂಬಿದ್ದರೆ ಒತ್ತಾದ ‘ಠಕ್’, ಟೊಳ್ಳಿದ್ದರೆ ಮಡಕೆ ತಟ್ಟಿದ ಹಾಗೆ ‘ಡಬ್’. ಡಬ್ ಅಂದದ್ದರ ಮೇಲೆ ಹುಲ್ಲಿನ ಟ್ರ್ಯಾಕ್ಟರ್ ಒಂದು ಸಲ ಹಾದರೆ ಮಧ್ಯಕ್ಕೆ ಸೀಳು ಬರುತ್ತದೆ. ಸಂದಿಗೆ ಸಿಮೆಂಟ್ ಬಳಿಯುವುದೂ ಅಂಥದ್ದೇ ಕೆಲಸ. ಕಲ್ಲು ಬಿಸಿಲಿಗೆ ಹಿಗ್ಗಿ ರಾತ್ರಿಗೆ ಕುಗ್ಗುವಾಗ ಸಿಮೆಂಟ್ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಇಳಿದ ನೀರು ಕೆಳಗೇ ನಿಲ್ಲುತ್ತದೆ. ಸಂದಿ 10 ಮಿ.ಮೀ. ದಾಟದಂತೆ ಬಿಗಿಯಾಗಿ ಕೂರಿಸಿ, ಕಲ್ಲುಪುಡಿಗೆ ಸ್ವಲ್ಪ ಸುಣ್ಣ ಬೆರೆಸಿ ಗುಡಿಸಿ ತುಂಬಿದರೆ ಸಾಕು. ಸಂದಿ ಅಗಲವಾದರೆ ವೀಲ್‌ಚೇರಿನ ಮುಂಗಾಲಿಯೂ ಅಜ್ಜಿಯ ಊರುಗೋಲೂ ಸಿಕ್ಕಿಕೊಳ್ಳುತ್ತವೆ.

ಕೆಡವಿದ ಮನೆಗಳ ಹಳೆ ಚಪ್ಪಡಿ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು ಅನ್ನುವವರಿದ್ದಾರೆ. ಕಣ್ಣು ತೆರೆದೇ ತೆಗೆದುಕೊಳ್ಳಿ. ದಪ್ಪ ಮೂರರಿಂದ ಐದು ಇಂಚಿನವರೆಗೆ ಏರುಪೇರು ಇರುತ್ತದೆ, ದಪ್ಪದ ಪ್ರಕಾರ ಬೇರೆ ಬೇರೆ ರಾಶಿ ಮಾಡಿ ಒಂದೊಂದು ರಾಶಿಯನ್ನು ಒಂದೊಂದು ತುಂಡು ದಾರಿಗೆ ಬಳಸಿದರೆ ತೊಂದರೆ ಇಲ್ಲ. ಸುತ್ತಿಗೆಯಿಂದ ತಟ್ಟಿದಾಗ ಗಂಟೆಯಂತೆ ಕೇಳಿಸದ ಕಲ್ಲು ಒಳಗೆ ಕೊಳೆತದ್ದು, ವಾಪಸ್ ಕಳಿಸಿ. ಪ್ರತಿ ಚಪ್ಪಡಿಯ ಎರಡೂ ಮೈ ತೊಳೆದು ನೋಡುವುದನ್ನು ಬಿಡಬೇಡಿ. ಅಕ್ಷರವೋ, ಕೆತ್ತನೆಯೋ ಕಂಡರೆ ಅದು ಹಾಸುಗಲ್ಲಲ್ಲ, ಪುರಾತತ್ತ್ವ ಇಲಾಖೆಗೆ ತಿಳಿಸಬೇಕಾದ ಶಾಸನ.

ಇಂಟರ್‌ಲಾಕ್ ಪೇವರ್

ಬೈದದ್ದಾಯಿತು, ಈಗ ನ್ಯಾಯ. ಪೇವರ್ ಕೆಟ್ಟ ಮಾಲಲ್ಲ. ಶಾಲೆಯ ಮುಂದೆ, ಬಸ್ ನಿಲ್ದಾಣದಿಂದ ದಾರಿ ಶುರುವಾಗುವ ತಟ್ಟು ನೆಲದಲ್ಲಿ, ವೀಲ್‌ಚೇರಿಗೆ ಇದರಷ್ಟು ಸಮತಟ್ಟಾದ ಹಾಸು ಚಪ್ಪಡಿಯಲ್ಲಿ ಸಿಗುವುದು ಕಷ್ಟ. ನಲ್ಲಿ ಪೈಪಿಗೆ ಅಗೆಯಬೇಕಾದರೆ ಎತ್ತಿ ಮತ್ತೆ ಕೂರಿಸಬಹುದು. ಕೆಡುವುದು ಅಂಚಿನಿಂದ. ಎರಡೂ ಬದಿ ಕಾಂಕ್ರೀಟಿನಲ್ಲಿ ಹೂತ ಅಂಚುಗಲ್ಲು ಇಲ್ಲದಿದ್ದರೆ ಬಿಲ್ಲೆಗಳು ಒಂದನ್ನೊಂದು ತಳ್ಳಿಕೊಂಡು ಹೊರಗೆ ಹೋಗುತ್ತವೆ, ಕೆಳಗಿನ ಮರಳು ಮಳೆಯಲ್ಲಿ ತೊಳೆದುಹೋಗುತ್ತದೆ. ಇಂಟರ್‌ಲಾಕ್ ಎನ್ನುವ ಹೆಸರಿಗೆ ಅರ್ಥ ಬರುವುದೇ ಅಂಚು ಹಿಡಿದಿದ್ದರೆ.

ನಡೆಯುವವರು ಮತ್ತು ಬೈಕಿಗೆ 60 ಮಿ.ಮೀ. ದಪ್ಪ, ಎಂ-35 ದರ್ಜೆ (ಕಾಂಕ್ರೀಟಿನ ಗಟ್ಟಿತನದ ಅಳತೆ). ಟ್ರ್ಯಾಕ್ಟರ್ ದಾಟುವಲ್ಲಿ 80 ಮಿ.ಮೀ., ಎಂ-40. ಕೆಳಗಿನ ಮರಳು 30 ಮಿ.ಮೀ. ಮಾತ್ರ. ನೆಲದ ಉಬ್ಬುತಗ್ಗು ಮುಚ್ಚಲು ಮರಳನ್ನೇ ಮೂರು ಇಂಚು ಹಾಕಿದರೆ ಆರು ತಿಂಗಳಲ್ಲಿ ಚಕ್ರದ ಜಾಡು ಬೀಳುತ್ತದೆ. 200×100 ಅಳತೆಯ ಬಿಲ್ಲೆ ಚದರ ಮೀಟರಿಗೆ 50, ನಮ್ಮ 100 ಮೀಟರ್ ದಾರಿಗೆ 10,000. ಇನ್ನೊಂದು 500 ಜಾಸ್ತಿ ತರಿಸಿ ಪಂಚಾಯಿತಿ ಹಿತ್ತಲಲ್ಲಿ ಜೋಡಿಸಿಡಿ. ಎರಡು ವರ್ಷದ ನಂತರ ಅದೇ ಅಚ್ಚು, ಅದೇ ಬಣ್ಣ ಸಿಗುವುದಿಲ್ಲ.

ಮಾಲು ಪರೀಕ್ಷೆಗೆ ಲ್ಯಾಬೇ ಬೇಕೆಂದಿಲ್ಲ. ಚೆನ್ನಾಗಿ ಒಣಗಿದ ಒಂದು ಬಿಲ್ಲೆಯನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, 24 ಗಂಟೆ ಬಕೆಟ್ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ಪೇವರಿನ ಭಾರತೀಯ ಮಾನಕ ಐ.ಎಸ್. 15658ರ ಪ್ರಕಾರ ಸರಾಸರಿ ನೀರು ಹೀರಿಕೆ ಶೇ. 6 ದಾಟಬಾರದು. 60 ಮಿ.ಮೀ. ಬಿಲ್ಲೆ ಸುಮಾರು 2.75 ಕೆ.ಜಿ. ಇರುತ್ತದೆ, ಅಂದರೆ ತೂಕ 165 ಗ್ರಾಂಗಿಂತ ಹೆಚ್ಚಾದರೆ ಲೋಡನ್ನು ಇಳಿಸಿಕೊಳ್ಳಬೇಡಿ. ಬಣ್ಣ ಮೇಲಿನ ಪದರದಲ್ಲಿ ಮಾತ್ರ ಇರುತ್ತದೆ, ಸವೆದ ಮೇಲೆ ಎಲ್ಲವೂ ಬೂದಿಯೇ. ಮೊದಲೇ ಬೂದಿ ತರಿಸಿದರೆ ಹಳೆಯ ಚಪ್ಪಡಿಯ ಪಕ್ಕದಲ್ಲಿ ಕಣ್ಣಿಗೆ ಚುಚ್ಚುವುದೂ ಇಲ್ಲ.

ಗುಡಿಯ ಮುಂದೆ, ಹಳೆಯ ಮಂಟಪದ ಸುತ್ತ ಪೇವರ್ ಬೇಡವೇ ಬೇಡ.

ಕಾಂಕ್ರೀಟು

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳ್ಳ ದಾಟುವ ತಗ್ಗಿನಲ್ಲಿ, ವರ್ಷಾವರ್ಷ ಕೊಚ್ಚಿಹೋಗುವ ಹತ್ತಿಪ್ಪತ್ತು ಮೀಟರಿನಲ್ಲಿ ಸರಿ: 150 ಮಿ.ಮೀ. ದಪ್ಪ, ಮೂರು-ನಾಲ್ಕು ಮೀಟರಿಗೊಂದು ಜಾಯಿಂಟ್ ಕೊಯ್ತ, ಅದೂ ಹಾಕಿದ ಮರುದಿನವೇ. ಉಳಿದ ಕಡೆ ಇದು ದಾರಿಯ ಮಟ್ಟ ಏರಿಸುತ್ತದೆ, ಪಕ್ಕದ ಮನೆಯ ಹೊಸ್ತಿಲು ಕೆಳಗಾಗುತ್ತದೆ, ಮಳೆ ನೀರು ಪಡಸಾಲೆಗೆ ಬರುತ್ತದೆ. ಅಶ್ವತ್ಥಕಟ್ಟೆಯ ಬುಡದವರೆಗೆ ಕಾಂಕ್ರೀಟು ಬಳಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಯಾವ ಮರದ ಬುಡವೇ ಆಗಲಿ, ಸುತ್ತ ಒಂದೂವರೆ ಮೀಟರ್ ಬಿಡಿ.

ಸುಣ್ಣ ಬೆರೆಸಿದ ಗರಸು

ಯಾರೂ ಕೇಳದ, ನಮ್ಮ ಲೆಕ್ಕದಲ್ಲಿ ಹೆಚ್ಚು ಬಳಸಬೇಕಾದ ಹಾಸು ಇದು. ಬಿಲ್ಲಿನಲ್ಲಿ ಗ್ರಾವೆಲ್ ಎಂದು ಬರೆಯುತ್ತಾರೆ. ತೋಪಿನ ನೆರಳಿಗೆ, ಹೊಲದ ಅಂಚಿಗೆ, ಏರಿಯ ಮೇಲಕ್ಕೆ ಇದಕ್ಕಿಂತ ಮೆತ್ತಗಿನ, ತಂಪಾದ, ಅಗ್ಗದ ಹಾಸಿಲ್ಲ. ಕಾಲಿಗೂ ಗೊರಸಿಗೂ ಹಿತ. ಹಳೆಯ ದಾರಿಯ ಬಣ್ಣವೂ ಕೆಡುವುದಿಲ್ಲ.

ಮಣ್ಣು ಆರಿಸುವುದರಲ್ಲಿದೆ ಎಲ್ಲ. ಸ್ವಲ್ಪ ಜಿಗುಟಿರುವ ಕೆಂಪು ಗರಸಿಗೆ ಮಾತ್ರ ಸುಣ್ಣ ಹಿಡಿಯುತ್ತದೆ, ಏಕೆಂದರೆ ಸುಣ್ಣ ಕೂಡಿಕೊಳ್ಳುವುದು ಜೇಡಿಯ ಜೊತೆ. ಬರೀ ಮರಳು ಮರಳಾದ ಮಣ್ಣಿಗೆ ಸುಣ್ಣ ಹಾಕಿದರೆ ದಂಡ. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ ಬೀಡಿಯಷ್ಟು ದಪ್ಪದ ಬತ್ತಿ ಮುರಿಯದೆ ಬಂದರೆ ಸುಣ್ಣಕ್ಕೆ ಯೋಗ್ಯ. 100 ಮೀಟರಿಗೆ, 2 ಮೀಟರ್ ಅಗಲ, ದಮ್ಮಸಾದ ಮೇಲೆ 100 ಮಿ.ಮೀ. ದಪ್ಪ ಬೇಕಾದರೆ ಸಡಿಲ ಗರಸು ಸುಮಾರು 27 ಘನ ಮೀಟರ್, ಟ್ರ್ಯಾಕ್ಟರಿನಲ್ಲಿ ಹತ್ತು ಲೋಡು. ಸುಣ್ಣ ತೂಕಕ್ಕೆ ಶೇ. 5ರಂತೆ 1.9 ಟನ್, ಅಂದರೆ 25 ಕೆ.ಜಿ.ಯ 76 ಚೀಲ ಅರಳಿದ ಸುಣ್ಣದ ಪುಡಿ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇಲ್ಲದೆ ಯಾರನ್ನೂ ಈ ಚೀಲ ಬಿಚ್ಚಲು ಬಿಡಬೇಡಿ.

ಒಣಗಿದ್ದಾಗಲೇ ಎರಡು ಸಲ ಮಗುಚಿ ಬೆರೆಸಿ, ನೀರು ಚಿಮುಕಿಸಿ, ಮತ್ತೆ ಮಗುಚಬೇಕು. ಹದ ನೋಡುವುದು ಹೀಗೆ: ಒಂದು ಹಿಡಿ ತೆಗೆದು ಬಿಗಿಯಾಗಿ ಉಂಡೆ ಕಟ್ಟಿ ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಸಾಲದು, ರೊಟ್ಟಿಯಂತೆ ಅಂಟಿಕೊಂಡರೆ ನೀರು ಹೆಚ್ಚಾಗಿದೆ. ಅದೇ ದಿನ ರೋಲರ್ ಹೊಡೆದು ಮುಗಿಸಬೇಕು. ಆಮೇಲೆ ಏಳು ದಿನ ಗೋಣಿ ಹಾಸಿ ಒದ್ದೆ ಇಟ್ಟು, ಯಾವ ಗಾಡಿಯನ್ನೂ ಬಿಡಬಾರದು. ಈ ಏಳು ದಿನದ ಕಾವಲೇ ಯಾರಿಗೂ ಬೇಡ. ಮೂರನೇ ದಿನಕ್ಕೆ ನೀರಿನ ಟ್ಯಾಂಕರ್ ಹಾದು ಹೋದ ದಾರಿ ಮುಂದಿನ ಬೇಸಿಗೆಗೆ ದೂಳಾಗುತ್ತದೆ, ದೂರು ಬರುವುದು ಸುಣ್ಣದ ಮೇಲೆ. ಈ ಕೆಲಸಕ್ಕೆ ಜನವರಿ-ಫೆಬ್ರವರಿ ಸರಿಯಾದ ಕಾಲ.

ಇಳಿಜಾರು 10ಕ್ಕೆ 1 ದಾಟಿದರೆ ಗರಸು ನಿಲ್ಲುವುದಿಲ್ಲ. ಅಷ್ಟು ಏರಿಲ್ಲದ ಕಡೆಯೂ 20-25 ಮೀಟರಿಗೊಂದು ಕಡೆ ದಾರಿಯನ್ನೇ ನಿಧಾನವಾಗಿ 3 ಮೀಟರ್ ಉದ್ದಕ್ಕೆ 75 ಮಿ.ಮೀ. ತಗ್ಗಿಸಿ, ನೀರನ್ನು ಓರೆಯಾಗಿ ಬದಿಗೆ ಬಿಟ್ಟುಬಿಡಬೇಕು. ಕಲ್ಲು ಅಡ್ಡ ಹಾಕಿ ನೀರು ತಿರುಗಿಸುವುದು ಹಳೆಯ ಕ್ರಮ, ಅದೂ ಕೆಲಸ ಮಾಡುತ್ತದೆ, ಆದರೆ ಸೈಕಲ್ಲಿಗೂ ವೀಲ್‌ಚೇರಿಗೂ ಅಡ್ಡ ಬರುತ್ತದೆ.

ಮೆಟ್ಟಿಲು

ನಂದಿ ಬೆಟ್ಟದ ಎತ್ತರ 1,478 ಮೀಟರ್. ಸುಲ್ತಾನ್‌ಪೇಟೆಯಿಂದ ಹತ್ತುವ ಹಳೆಯ ಕಲ್ಲುದಾರಿಗೆ ಮೆಟ್ಟಿಲು 1,175 ಎಂದು ಲೆಕ್ಕ. ಅಂಥ ಮೆಟ್ಟಿಲು ಇರುವಲ್ಲಿ ಹೊಸದಾಗಿ ಏನೂ ಮಾಡಬಾರದು, ಅಲುಗುವ ಕಲ್ಲನ್ನು ಮಾತ್ರ ಎತ್ತಿ ಕೆಳಗೆ ಜಲ್ಲಿ ತುಂಬಿ ಮತ್ತೆ ಕೂರಿಸಬೇಕು. ಸವೆದ ಮೆಟ್ಟಿಲಿಗೆ ಸಿಮೆಂಟ್ ತೇಪೆ ಹಾಕಿದರೆ ಒಂದು ವರ್ಷದಲ್ಲಿ ಅದು ಹಕ್ಕಳೆಯಂತೆ ಎದ್ದು ಬರುತ್ತದೆ, ಬರುವಾಗ ಕಲ್ಲಿನ ತುದಿಯನ್ನೂ ಕಿತ್ತುಕೊಂಡು ಬರುತ್ತದೆ. ಮಧುಗಿರಿ, ಆವಣಿಯಂಥ ಬೆಟ್ಟಗಳಲ್ಲಿ ಬಂಡೆಯಲ್ಲೇ ಕಡಿದ ಮೆಟ್ಟಿಲಿಗೂ ಇದೇ ಮಾತು.

ಹೊಸ ಮೆಟ್ಟಿಲು ಹಾಕಲೇಬೇಕಾದರೆ ಎತ್ತರ 120 ಮಿ.ಮೀ., ಕಾಲಿಡುವ ಅಗಲ 380 ಮಿ.ಮೀ. ಎತ್ತರದ ಎರಡರಷ್ಟಕ್ಕೆ ಅಗಲ ಕೂಡಿಸಿದರೆ 600ರಿಂದ 630ರ ನಡುವೆ ಬರಬೇಕು, ನಮ್ಮ ಹೆಜ್ಜೆಯ ಅಳತೆ ಅದು. ಮೇಲಿನ ಕಲ್ಲು ಕೆಳಗಿನ ಕಲ್ಲಿನ ಹಿಂಬದಿಯ ಮೇಲೆ ಮೂರು ಇಂಚು ಕೂರಬೇಕು. ಕೂರಿಸದೆ ಒಂದರ ಹಿಂದೆ ಒಂದು ಇಟ್ಟರೆ ಮಳೆಗೆ ಕೆಳಗಿನದು ಜಾರಿ ಇಡೀ ಸಾಲು ಸಡಿಲವಾಗುತ್ತದೆ. ವೀಲ್‌ಚೇರಿಗೆ ಬೆಟ್ಟ ಹತ್ತಿಸುತ್ತೇವೆ ಎಂದು ಹೇಳುವುದು ಸುಳ್ಳು. ಬುಡದವರೆಗೆ ಸಲೀಸಾಗಿ ಕರೆತನ್ನಿ, ಅಲ್ಲಿ ಬೆಟ್ಟ ಕಾಣುವಂತೆ ನೆರಳು, ಕಟ್ಟೆ, ಅರವಟ್ಟಿಗೆ ಮಾಡಿ. ದಾರಿಯ ಉದ್ದಕ್ಕೆ ಏರು 20ಕ್ಕೆ 1ರೊಳಗೆ ಇದ್ದರೆ ಒಬ್ಬರೇ ಬರಬಹುದು. 12ಕ್ಕೆ 1 ಆದರೆ ಹಿಡಿದುಕೊಳ್ಳಲು ಕಂಬಿ ಬೇಕು, 9 ಮೀಟರಿಗೊಂದು ನಿಲ್ಲುವ ತಟ್ಟು ಬೇಕು.

ಅಗಲ ಮತ್ತು ಅಡ್ಡಗಂಬ

ಎದುರುಬದುರು ಎರಡು ವೀಲ್‌ಚೇರು ದಾಟಲು 1.8 ಮೀಟರ್ ಸಾಕು. ಎತ್ತಿನ ಗಾಡಿ, ಟಿಲ್ಲರ್ ಬರುವಲ್ಲಿ 2.4 ಮೀಟರ್. ಇನ್ನೂ ಅಗಲ ಮಾಡಿದರೆ ಕಾರು ಬರುತ್ತದೆ, ಕಾರು ಬಂದರೆ ಪಾರ್ಕಿಂಗು ಬರುತ್ತದೆ. ಕಾರು ತಡೆಯಲು ಬೇಲಿಗೆ ನೆಡುವ 5 ಅಡಿ ಕಲ್ಲುಕಂಬವೇ ಸಾಕು, 2 ಅಡಿ ನೆಲದೊಳಗೆ, ನಡುವೆ 1.2 ಮೀಟರ್ ಸಂದು. ವೀಲ್‌ಚೇರಿಗೆ ದಾರಿ ಕೊಡುವ ಯಾವ ಸಂದೂ ಬೈಕನ್ನು ತಡೆಯುವುದಿಲ್ಲ, ತಡೆಯುತ್ತದೆ ಎಂದು ಮಾರುವ ಸ್ಟೀಲ್ ಗೇಟನ್ನು ನಂಬಬೇಡಿ. ಹೊಲಕ್ಕೆ ಟ್ರ್ಯಾಕ್ಟರ್ ಹೋಗುವ ದಾರಿಯಾದರೆ ಒಂದು ಕಂಬವನ್ನು ಎತ್ತಿ ತೆಗೆಯುವಂತೆ ಕೊಳವೆಯಲ್ಲಿ ನಿಲ್ಲಿಸಿ. ಬೀಗದ ಕೈ ಪಂಚಾಯಿತಿಯಲ್ಲೊಂದು, ಆ ಸಾಲಿನ ರೈತರ ಹತ್ತಿರ ಒಂದು. ರೈತರನ್ನು ಕೇಳದೆ ನೆಟ್ಟ ಕಂಬ ರಾಗಿ ಕೊಯ್ಲಿಗೆ ಮೊದಲೇ ಬಿದ್ದಿರುತ್ತದೆ, ಬೀಳಿಸಿದವರ ಮೇಲೆ ತಪ್ಪು ಹೊರಿಸುವಂತಿಲ್ಲ.

ಕಾಗದ ಮತ್ತು ಹಳೆಯ ಕಲ್ಲು

ಕೆಲಸಕ್ಕೆ ಮುಂಚೆ ಗ್ರಾಮ ನಕಾಶೆ ತೆಗೆಸಿ ನೋಡಿ. ದಾರಿ ನಕಾಶೆಯಲ್ಲಿದ್ದು ‘ಬಿ’ ಖರಾಬಿನಲ್ಲಿ (ಸಾರ್ವಜನಿಕ ಬಳಕೆಗೆಂದು ಕಂದಾಯದಿಂದ ಬಿಟ್ಟ ಜಾಗ) ಬಂದರೆ ಸಾರ್ವಜನಿಕರದ್ದು. ಬರೀ ರೂಢಿಯಿಂದ ಹಿಡುವಳಿ ಜಮೀನಿನಲ್ಲಿ ನಡೆಯುತ್ತಿದ್ದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಬೇಕು. ಕೇಂದ್ರ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಂದಿ ಗ್ರಾಮದ ಭೋಗನಂದೀಶ್ವರ ಗುಡಿಯ ಸುತ್ತ ಇದು ಅನ್ವಯಿಸುತ್ತದೆ. ದೇವರಾಯನದುರ್ಗದಂಥ ಕಡೆ ಅರಣ್ಯದ ಗಡಿ ದಾಟಿದ ಮೇಲೆ ಒಂದು ಕಲ್ಲು ಕೂರಿಸಲೂ ಅರಣ್ಯ ಇಲಾಖೆಯ ಅನುಮತಿ ಬೇಕು, ಅಲ್ಲಿ ರಾತ್ರಿ ದೀಪ ಹಾಕುವ ಆಸೆ ಬಿಟ್ಟುಬಿಡಿ.

ದಾರಿ ಬದಿಯ ವೀರಗಲ್ಲು, ಮಾಸ್ತಿಕಲ್ಲು, ನಾಗರಕಲ್ಲು, ತಲೆಹೊರೆ ಇಳಿಸುವ ಕಲ್ಲು ಇವನ್ನೆಲ್ಲ ಕೆಲಸ ಶುರುವಾಗುವ ಮುಂಚೆಯೇ ನಂಬರು ಹಾಕಿ, ಫೋಟೋ ತೆಗೆದು ಪಟ್ಟಿ ಮಾಡಿ. ಜೆಸಿಬಿ ಬಂದ ಮೇಲೆ ಪಟ್ಟಿ ಮಾಡಿ ಉಪಯೋಗವಿಲ್ಲ. ಸಾಲಾಗಿ ಕಾಣಲಿ ಎಂದು ಕಿತ್ತು ಒಂದೇ ಕಡೆ ನೆಡುವುದು, ಆಯಿಲ್ ಪೇಂಟ್ ಬಳಿಯುವುದು, ಬುಡಕ್ಕೆ ಸಿಮೆಂಟ್ ಕಟ್ಟೆ ಕಟ್ಟುವುದು ಮೂರೂ ಹಾಳು ಕೆಲಸ. ಊರಿನ ಶಾಸನ ಮೊದಲೇ ದಾಖಲಾಗಿದೆಯೇ ನೋಡಲು ಎಪಿಗ್ರಾಫಿಯಾ ಕರ್ನಾಟಿಕಾ ತೆರೆಯಿರಿ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆ ಆದದ್ದು 2007ರಲ್ಲಿ, ಆದ್ದರಿಂದ ಹುಡುಕಬೇಕಾದದ್ದು ಕೋಲಾರ ಜಿಲ್ಲೆಯ 10ನೇ ಸಂಪುಟದಲ್ಲಿ. ತುಮಕೂರಿನದು 12ನೇ ಸಂಪುಟ. ಫಲಕ ಬರೆಸುವವರು ಇಷ್ಟು ಮಾಡಿದರೂ ‘ಪಾಂಡವರ ಕಾಲದ್ದು’ ಎಂದು ಬರೆಯುವುದು ತಪ್ಪುತ್ತದೆ. ಫಲಕವನ್ನು ಕಲ್ಲಿನಲ್ಲೇ ಕೆತ್ತಿಸಿ, ಅಕ್ಷರ 25 ಮಿ.ಮೀ. ಎತ್ತರ. ಸ್ಟಿಕ್ಕರ್ ಅಂಟಿಸಿದ ಶೀಟು ಎರಡು ಬೇಸಿಗೆಗೆ ಬೆಳ್ಳಗಾಗುತ್ತದೆ.

ಬಿಲ್ ಪಾಸು ಮಾಡುವ ಮುನ್ನ

ಕೆಲಸ ಮುಗಿಯಿತು ಎಂದವರ ಎದುರಿಗೇ ಮೂರು ಮಾಡಿ ನೋಡಿ. 3 ಮೀಟರಿನ ನೇರ ಪಟ್ಟಿಯನ್ನು ಹಾಸಿನ ಮೇಲೆ ಇಟ್ಟು ಕೆಳಗಿನ ಸಂದು ಅಳೆಯಿರಿ, ಚಪ್ಪಡಿಗೆ 10 ಮಿ.ಮೀ., ಪೇವರಿಗೆ 5 ಮಿ.ಮೀ. ದಾಟಬಾರದು. ಹಾರೆಯ ಹಿಡಿ ಹಿಡಿದು ಹತ್ತು ಹೆಜ್ಜೆಗೊಂದು ಚಪ್ಪಡಿ ಕುಟ್ಟಿಕೊಂಡು ಹೋಗಿ, ಡಬ್ ಅಂದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ಎರಡು ಬಿಂದಿಗೆ ನೀರು ತಂದು ದಾರಿಯ ಮೇಲ್ಬದಿಯಿಂದ ಸುರಿದು ಅಲ್ಲೇ ನಿಲ್ಲಿ. ನೀರು ಅಡ್ಡಕ್ಕೆ ಹರಿದು ಚರಂಡಿ ಸೇರಬೇಕು, ಉದ್ದಕ್ಕೆ ಓಡಬಾರದು. ಹತ್ತು ನಿಮಿಷದ ನಂತರವೂ ಎಲ್ಲಾದರೂ ಒಂದು ರೂಪಾಯಿ ನಾಣ್ಯ ಮುಳುಗುವಷ್ಟು ನೀರು ನಿಂತಿದ್ದರೆ ಆ ತುಂಡಿನ ಚಪ್ಪಡಿ ಎತ್ತಿಸಿ, ಕಲ್ಲುಪುಡಿ ಸರಿ ಮಾಡಿಸಿ, ಮತ್ತೆ ಎರಡು ಬಿಂದಿಗೆ ಸುರಿಯಿರಿ. ಉಳಿಕೆ ಹಣದಲ್ಲಿ ಶೇ. 10ನ್ನಾದರೂ ಚಿತ್ತೆ ಮಳೆ ಮುಗಿಯುವವರೆಗೆ ಹಿಡಿದಿಡಿ ಎಂದು ಕರಾರಿನಲ್ಲಿ ಮೊದಲೇ ಬರೆಸಿರಬೇಕು. ಬರೆಸಿರದಿದ್ದರೆ ಸೀಮೆಸುಣ್ಣದ ಗುರುತು ನೋಡಲು ಯಾವ ಮೇಸ್ತ್ರಿಯೂ ವಾಪಸ್ ಬರುವುದಿಲ್ಲ.